ಕೌದಿಯ ಹೊಟ್ಟೆ

ಸಂಶಿ,
20 ಜನವರಿ 2025

ಖುಷ್ಬೂನ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಮ್. ತಾಯಿ ಮಗಳು ಇಬ್ಬರೂ ಇಲ್ಲಿ ಆರಾಮ ಇದ್ದೇವೆ. ನಿಮ್ಮ ಅಮ್ಮಿಯ ಮೊಣಕಾಲು ಹೇಗಿದೆ ಎಂದು ಖುಷ್ಬೂ ದಿನಾ ಕೇಳುತ್ತಾಳೆ, ಉತ್ತರ ಬರೆದರೆ ಮೊದಲು ಅದನ್ನು ಬರೆಯಿರಿ.

ಕೈಯಲ್ಲಿ ಫೋನ್ ಇದ್ದೂ ಕಾಗದ ಬರೆಯುತ್ತಾಳಲ್ಲ, ಇವಳ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೀವು ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನಮ್ಮ ಮಾತು ಹೇಗೆ ಮುಗಿಯುತ್ತದೆ ಎಂದು ನಿಮಗೂ ಗೊತ್ತು. ಭಾನುವಾರ ಮಗಳೊಂದಿಗೆ ನಕ್ಕು ನಕ್ಕು ಮಾತಾಡುತ್ತೀರಿ. ಆಮೇಲೆ ಫೋನ್ ನನ್ನ ಕೈಗೆ ಬರುತ್ತದೆ. ಅಳ್ನಾವರಕ್ಕೆ ಬಂದುಬಿಡು ಎನ್ನುತ್ತೀರಿ, ಆ ಒಂದು ಮಾತಿಗೆ ನಾನು ನಾಲ್ಕು ಮಾತಾಡುತ್ತೇನೆ, ನೀವು ಕಟ್ ಮಾಡುತ್ತೀರಿ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಒಗೆಯಬಹುದು, ಆದರೆ ನೀವು ಹರಿಯುವ ಪೈಕಿ ಅಲ್ಲ. ಸಿಟ್ಟು ಮಾಡಿಕೊಂಡಾದರೂ ಕೊನೆಯತನಕ ಓದುತ್ತೀರಿ.

ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ಕೇಳಲು ನನಗೆ ನಾಚಿಕೆಯೂ ಇದೆ, ಸಿಟ್ಟೂ ಇದೆ. ಆದರೂ ಕೇಳುತ್ತೇನೆ.

ಈ ಹೈಸ್ಕೂಲಿಗೆ ಬಂದು ಎರಡು ವರ್ಷವಾಗುತ್ತ ಬಂತು. ಅಲ್ಲಿ ಏನು ಕಲಿಸುತ್ತೀ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ಹಿಂದಿಯ ಬದಲು ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಒಂದು ಶಾಲೆಯಲ್ಲಿ ಗಾಡಿ ರಿಪೇರಿ ಇರುತ್ತದೆ, ಇನ್ನೊಂದರಲ್ಲಿ ಕಂಪ್ಯೂಟರ್. ನಮ್ಮಲ್ಲಿ ಹೊಲಿಗೆ. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ಊರವರು ಹೊಲಿಗಿ ಕ್ಲಾಸು ಎನ್ನುತ್ತಾರೆ. ನಾನು ಹೊಲಿಗಿ ಟೀಚರ. ಹಿಂದಿ ಟೀಚರ್ ಮಾತ್ರ ನನ್ನನ್ನು ಏನೂ ಎನ್ನುವುದಿಲ್ಲ. ತಮ್ಮ ಮಕ್ಕಳನ್ನು ಕಸಿದುಕೊಂಡೆ ಎಂದು ಮಾತೇ ಬಿಟ್ಟಿದ್ದಾರೆ.

ಮಕ್ಕಳನ್ನು ಈ ವಿಷಯಕ್ಕೆ ಸೇರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹತ್ತನೇ ತರಗತಿಯ ಸೌಂದರ್ಯಾ ಎಂಬ ಹುಡುಗಿಯ ತಾಯಿ ಗೌರಕ್ಕ, ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು, ಮನೆಗೆ ಹೋದರೆ ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದಳು. "ಅಕಿ ಮನ್ಯಾಗ ನನ್ನ ಬಾಜು ಕುಂತು ಕೌದಿ ಹೊಲೀತಾಳ್ರಿ. ಅದನ್ನ ಕಲ್ಯಾಕ ಸಾಲಿಗೆ ಯಾಕ ಬರಬೇಕು? ಸಾಲ್ಯಾಗ ನಾವು ಕಲಿಸಲಾರದ್ದನ್ನ ಕಲಸ್ರಿ" ಎಂದಳು. ಅಳತೆ ತೆಗೆಯುವುದು, ಕಾಗದದ ಮೇಲೆ ನಕಾಶೆ ಹಾಕುವುದು, ಬಟ್ಟೆ ಹಾಳಾಗದ ಹಾಗೆ ಕತ್ತರಿಸುವುದು, ಮಷಿನ್ನು ಬಿಚ್ಚಿ ಜೋಡಿಸುವುದು, ಎಲ್ಲ ಹೇಳಿದೆ. ಅವಳು ಒಪ್ಪಿದ್ದು ಮಾತ್ರ ಹಿಂದಿ ಓದುವ ಕಾಟ ತಪ್ಪುತ್ತದೆ ಎಂದಾಗ.

ಹತ್ತನೆಯವರಿಗೆ ಫೆಬ್ರವರಿಯಲ್ಲಿ ಕೈಕೆಲಸದ ಪರೀಕ್ಷೆ. ಹೊರಗಿನ ಪರೀಕ್ಷಕರು ಬರುತ್ತಾರೆ. ಪ್ರತಿಯೊಬ್ಬರೂ ತಾವೇ ಕತ್ತರಿಸಿ ತಾವೇ ಹೊಲಿದ ಒಂದು ವಸ್ತು ಅವರ ಮುಂದೆ ಇಡಬೇಕು. ನಾನು ಕೂಸಿನ ಕೌದಿ ಎಂದು ಗೊತ್ತುಮಾಡಿದೆ. ಮನೆಯಲ್ಲಿ ಕಂಡ ವಸ್ತು, ಹಳೇ ಬಟ್ಟೆಯಲ್ಲಿ ಆಗುತ್ತದೆ, ನಡುವೆ ಕೈಹೊಲಿಗೆ, ಅಂಚಿಗೆ ಮಷಿನ್ ಹೊಲಿಗೆ, ಎರಡೂ ಕಲಿತ ಹಾಗಾಯಿತು. ಡಿಸೆಂಬರಿನಿಂದ ಹೊಲಿದರು. ಈಗ ಇಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ. ಅರ್ಧ ಮಕ್ಕಳು ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದು ಆಮೇಲೆ ಕ್ಲಾಸಿಗೆ ಕೂಡುತ್ತಾರೆ. ಬೆರಳು ಉರಿಯುತ್ತಿರುತ್ತವೆ, ಮರೆತು ಕಣ್ಣು ಮುಟ್ಟಿಕೊಂಡರೆ ಆ ದಿನದ ಹೊಲಿಗೆ ಅಲ್ಲಿಗೆ ಮುಗಿಯಿತು.

ಸಂಕ್ರಾಂತಿಯ ರಜೆಗೆ ಎರಡು ದಿನ ಇರುವಾಗ ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿದ್ದರು. ಕೌದಿಗಳ ಕೊನೆಯ ಬದಿ ಮುಚ್ಚುವುದೊಂದೇ ಉಳಿದಿತ್ತು. ನಿದ್ದೆ ಓಡಲಿ ಎಂದು ನಮ್ಮ ಅಮ್ಮಿಯ ಸುದ್ದಿ ಹೇಳಿದೆ. ಅಮ್ಮಿ ಕೌದಿಯ ಕೊನೆಯ ಬಾಯಿ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ, ಕೌದಿಯ ಹೊಟ್ಟೆ ಖಾಲಿ ಇದ್ದರೆ ಅದನ್ನು ಹೊದ್ದವರ ಹೊಟ್ಟೆಯೂ ಖಾಲಿ ಎನ್ನುತ್ತಾರೆ, ಖುಷ್ಬೂ ಹುಟ್ಟಿದಾಗಲೂ ಹಾಗೇ ಮಾಡಿದ್ದರು ಎಂದು. ಅಷ್ಟೇ ನಾನು ಹೇಳಿದ್ದು. ಮಾಡಿರಿ ಎಂದು ಹೇಳಲಿಲ್ಲ. ಆ ಹೊತ್ತಿಗೆ ನನಗೆ ಅಮ್ಮಿಯ ನೆನಪು ಬಂದಿತ್ತು ಎಂದು ಬೇಕಾದರೆ ತಿಳಿದುಕೊಳ್ಳಿ, ನನ್ನ ತಕರಾರಿಲ್ಲ.

ಮರುದಿನ ಮಕ್ಕಳು ತಮ್ಮ ತಮ್ಮ ಕೌದಿ ಮುಚ್ಚಿ, ಮಡಚಿ, ಕಪಾಟಿನಲ್ಲಿಟ್ಟು ರಜೆಗೆ ಹೋದರು. ಸಂಕ್ರಾಂತಿಗೆಂದು ಎಲ್ಲರ ಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದಿದ್ದರು. ಮುಂದಿನದು ನಾನು ಹೇಳಬೇಕಾಗಿಲ್ಲ. ನನಗೆ ತಿಳಿಯದ ಹಾಗೆ ಒಬ್ಬರೂ ಬಿಡದೆ ರೊಟ್ಟಿ ಚೂರು ಇಟ್ಟು ಹೊಲಿದಿದ್ದಾರೆ. ಅಮ್ಮಿ ಇಡುವುದು ಉಗುರಿನಷ್ಟು ಒಣ ಚೂರು. ಇವರು ತುಪ್ಪ ಸವರಿ ಅಂಗೈಯಷ್ಟು ಇಟ್ಟಿದ್ದಾರೆ. ಕಪಾಟಿನ ಹಿಂಬದಿಯ ತಗಡು ಮೊದಲೇ ಬಿಟ್ಟಿತ್ತು.

ರಜೆ ಮುಗಿಸಿ ಬಂದು ಬಾಗಿಲು ತೆಗೆದರೆ ಇಲಿಗಳು ಹಬ್ಬ ಮಾಡಿ ಹೋಗಿದ್ದವು. ಒಂದೂ ಕೌದಿ ಉಳಿದಿಲ್ಲ. ಕೆಲವಕ್ಕೆ ನಡುವೆ ಕೈ ಹೋಗುವಷ್ಟು ತೂತು, ಕೆಲವು ಅರಳೆಯಂಥ ಚೂರಿನ ರಾಶಿ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಕ್ಕಳು ಸುತ್ತ ನಿಂತಿದ್ದರು. ಕೊನೆಗೆ ಸೌಂದರ್ಯಾ ತನ್ನ ಕೌದಿಯನ್ನು ಎತ್ತಿ ಹಿಡಿದು, "ಟೀಚರ, ಮೊದಲ ನಂದ ತಿಂದಾವ್ರಿ. ನಮ್ಮವ್ವ ತುಪ್ಪ ಜಾಸ್ತಿ ಹಚ್ಚಿದ್ಲು" ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಖ್ಯೋಪಾಧ್ಯಾಯರಾದ ಈರಪ್ಪ ಸರ್ ಬಂದು ನೋಡಿ, "ಏನ್ರಿ ಟೀಚರ, ಪರೀಕ್ಷಾಕ್ಕ ಕೌದಿ ಹೊಲಿಸೀರೋ, ಇಲಿಗೆ ಜ್ವಾಳಿಗಿ ಹೊಲಿಸೀರೋ" ಎಂದರು. ಆಮೇಲೆ ದನಿ ಇಳಿಸಿ ಹೇಳಿದ್ದು ತಮಾಷೆಯಾಗಿರಲಿಲ್ಲ. ಕಳೆದ ವರ್ಷವೂ ಈ ವಿಷಯದಲ್ಲಿ ಮಕ್ಕಳು ಅಷ್ಟಕ್ಕಷ್ಟೇ. ಈ ಸಲ ಕೈಕೆಲಸದಲ್ಲಿ ಬಿದ್ದರೆ ಮುಂದಿನ ವರ್ಷ ನಮ್ಮ ಶಾಲೆಯಿಂದ ಹೊಲಿಗೆಯನ್ನೇ ತೆಗೆದುಹಾಕುತ್ತಾರಂತೆ.

ಹೊಲಿಗೆ ಹೋದರೆ ನಾನೂ ಹೋದೆ. ಹೋಗುವುದೆಲ್ಲಿಗೆ, ಅಳ್ನಾವರಕ್ಕೇ. ನಿಮಗೆ ಬೇಕಾಗಿದ್ದೂ ಅದೇ. ಹಾಗಿದ್ದೂ ಇದನ್ನು ನಿಮಗೇ ಬರೆಯುತ್ತಿದ್ದೇನೆ ನೋಡಿ, ನನ್ನ ಧೈರ್ಯಕ್ಕೆ ನೀವೇ ಒಂದು ಹೆಸರಿಡಿ.

ಎಲ್ಲವನ್ನೂ ಮತ್ತೆ ಮೊದಲಿನಿಂದ ಹೊಲಿಯಬೇಕು. ಬಟ್ಟೆ ಇಲ್ಲ. ಮಕ್ಕಳ ಮನೆಯ ಹಳೇ ಸೀರೆಗಳೆಲ್ಲ ಇಲಿಯ ಪಾಲಾದವು. ಇರುವ ಮಷಿನ್ನುಗಳಲ್ಲಿ ಅರ್ಧ ನಿಂತಿವೆ, ಕೊಟ್ಟವರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ನಿಮ್ಮ ಹೊಲಿಗೆ ಅಂಗಡಿಯ ಮಾಳಿಗೆಯ ಮೇಲಿನ ಚಿಂದಿ ಚೀಲ ಬೇಕು. ನೀವೂ ಬೇಕು. ಎರಡು ದಿನ ಬಂದು ಮಷಿನ್ನು ನೋಡಿಕೊಡಿ.

ಕಳೆದ ಬಕ್ರೀದಿಗೆ ನಾನು ಮನೆಗೆ ಬಂದಾಗ ನೀವು ಒಂದು ಮಾತು ಅಂದಿರಿ. ಸಾಲಿ ಹೊಲಿಗಿ ಅಂದ್ರ ಹುಡುಗಾಟದ ಹೊಲಿಗಿ, ಆ ಹುಡುಗ್ಯಾರು ಹೊಲಿದದ್ದನ್ನ ಯಾರರೆ ಉಟ್ಟಾರೇನು ಅಂತ. ನಾನು ಮರುದಿನವೇ ಹೊರಟು ಬಂದೆ. ಮನೆ ದೂರ ಎಂದಿದ್ದರೆ, ಮಗಳು ಬೇಕು ಎಂದಿದ್ದರೆ, ಅಮ್ಮಿಗೆ ಆಗುವುದಿಲ್ಲ ಎಂದಿದ್ದರೆ ನಾನು ಹಾಗೆ ಬರುತ್ತಿರಲಿಲ್ಲ. ನೀವು ಅದನ್ನು ಅಂದಿರಿ.

ನನಗೆ ಬಹಳ ದಣಿವಾಗಿದೆ. ಮಗಳನ್ನು ಎಬ್ಬಿಸುವುದು, ಶಾಲೆ, ಮಕ್ಕಳ ಹಾಜರಿಯ ಫೋಟೋ ತೆಗೆದು ನನ್ನನ್ನು ನೇಮಿಸಿದ ಏಜೆನ್ಸಿಗೆ ಕಳಿಸುವುದು, ಮನೆಗೆ ಬಂದು ಒಲೆ ಮುಂದೆ ನಿಲ್ಲುವುದು. ಇದರ ಜೊತೆ ನಿಮ್ಮೊಂದಿಗಿನ ಜಗಳವನ್ನೂ ಹೊತ್ತು ತಿರುಗಲು ನನ್ನಿಂದಾಗುತ್ತಿಲ್ಲ. ಬನ್ನಿ.

ಈಗಲೂ ನಿಮ್ಮ ಮನೆಯವಳೇ ಎಂದು ತಿಳಿದಿರುವ,
ಮುಬಶಿರಾ

ತಾ.ಕ.: ಬರುವುದಾದರೆ ನಿಮ್ಮ ಕತ್ತರಿ ತನ್ನಿ. ಶಾಲೆಯ ಕತ್ತರಿಯಲ್ಲಿ ಹೂಕೋಸೂ ಕತ್ತರಿಸಲು ಬರುವುದಿಲ್ಲ.


ಅಳ್ನಾವರ,
25 ಜನವರಿ 2025

ಮುಬಶಿರಾಗೆ,

ವಾಲೈಕುಮ್ ಸಲಾಂ. ಅಮ್ಮಿಯ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ, ಬಿಸಿಲು ಬಿದ್ದರೆ ಬಿಡುತ್ತದೆ. ಖುಷ್ಬೂಗೆ ಹಾಗೆ ಹೇಳು.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಗಿರಾಕಿ ನಿಂತಿದ್ದ, ನಿಲ್ಲಲಿ ಎಂದು ಓದಿದೆ. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ ನೆನಪಿಲ್ಲ, ಅಕ್ಷರ ನೋಡಿ ನಗಬೇಡ.

ನಾನು ಬರುವುದಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಅಮ್ಮಿಯನ್ನು ಬಿಟ್ಟು ಬರಲಾಗುವುದಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ನೆಪ. ಪಕ್ಕದ ಮನೆಯ ಮೀರಾಬಿ ಎರಡು ದಿನ ನೋಡಿಕೊಳ್ಳುತ್ತೇನೆ ಎಂದಳು. ನಾನೇ ಒಲ್ಲೆ ಅಂದೆ. ನಿನ್ನನ್ನು ಅಲ್ಲಿ ಹಿಡಿದಿಟ್ಟ ಮಷಿನ್ನುಗಳಿಗೆ ನಾನೇ ಬಂದು ಎಣ್ಣೆ ಬಿಡಬೇಕೇನು? ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಚಿಂದಿ ಕಳಿಸುತ್ತಿದ್ದೇನೆ. ರೈಲ್ವೆಯ ಖಾಜಾಸಾಬ ಬುಧವಾರ ಆ ಕಡೆ ಬರುತ್ತಾನೆ, ಸಂಶಿ ಸ್ಟೇಷನ್ನಿನಲ್ಲಿ ಇಳಿಸುತ್ತಾನೆ. ಮಷಿನ್ನಿನ ಬಗ್ಗೆ ಹೇಳಬೇಕೆಂದರೆ, ನೀವು ಸೂಜಿಯನ್ನು ಉಲ್ಟಾ ಹಾಕಿರುತ್ತೀರಿ. ಹೊಸ ಮಷಿನ್ನಿನಲ್ಲಿ ಎಲ್ಲರೂ ಮಾಡುವ ತಪ್ಪು ಅದೇ. ತೆಗೆದು ತಿರುಗಿಸಿ ಹಾಕಿ ನೋಡು.

ಬಕ್ರೀದಿನ ಮಾತು. ಅಂದದ್ದು ನಿಜ. ಆ ವಾರ ಅಂಗಡಿಗೆ ಹೊಸ ಬಟ್ಟೆ ಹೊಲಿಸಲು ಒಬ್ಬರೂ ಬಂದಿರಲಿಲ್ಲ. ಎಲ್ಲರೂ ಸಿದ್ಧ ಉಡುಪು ತಂದು, ಉದ್ದವಾಯಿತು ತುದಿ ಮಡಚಿಕೊಡು, ಸಡಿಲಾಯಿತು ಬಿಗಿ ಮಾಡಿಕೊಡು ಎನ್ನುವವರೇ. ನೀನು ಬಂದು ಹುಡುಗಿಯರು ಜೇಬು ಹೊಲಿಯುವುದು ಕಲಿತರು, ಕಾಲರ್ ಕಲಿತರು ಎಂದು ಹೇಳುತ್ತ ಕೂತೆ. ನನಗೆ ತಡೆಯಲಾಗಲಿಲ್ಲ. ಹುಡುಗಾಟ ಆಗಿದ್ದು ನನ್ನ ಹೊಲಿಗೆ. ನಿನ್ನದಕ್ಕೆ ಅಂದೆ.

ಈಗ ಒಂದು ಮಾತು ಕೇಳು. ನಿನ್ನ ಮಕ್ಕಳು ಬಿದ್ದರೆ ಏಪ್ರಿಲ್‌ನಲ್ಲಿ ಸಾಮಾನು ಕಟ್ಟಿಕೊಂಡು ಮಗಳನ್ನು ಕರೆದುಕೊಂಡು ಬಾ. ನಾನು ನಗುವುದಿಲ್ಲ, ಹಂಗಿಸುವುದಿಲ್ಲ, ಯಾರಿಗೂ ನಗಲು ಬಿಡುವುದಿಲ್ಲ. ಪಾಸಾದರೆ ಅಲ್ಲೇ ಇರು. ಆಮೇಲೆ ನಾನು ಬಾ ಎಂದು ಕರೆಯುವುದಿಲ್ಲ. ಖುಷ್ಬೂ ಜೊತೆ ಮಾತಾಡಿ ಫೋನ್ ಇಡುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ. ಕರೆದು ಕರೆದು ನನಗೂ ಸಾಕಾಗಿದೆ, ಕರೆಸಿಕೊಂಡು ನಿನಗೂ ಸಾಕಾಗಿದೆ. ಎರಡರಲ್ಲಿ ಒಂದು ಮುಗಿಯಲಿ.

ನಿಮ್ಮ ಪರೀಕ್ಷೆಗೆ ಕೆಟ್ಟದಾಗಲಿ ಎಂದು ನಾನು ಬಯಸುವುದಿಲ್ಲ. ಚೆನ್ನಾಗಲಿ ಎಂದು ಬರೆಯಲೂ ಕೈ ಬರುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಯುನೂಸ್

ತಾ.ಕ.: ಇಲಿಯ ಸುದ್ದಿ ಕೇಳಿ ಅಮ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ನಿನ್ನನ್ನು ಬೈದರು. ಮಕ್ಕಳ ಕೌದಿಗೆ ರೊಟ್ಟಿ ಇಡಬಾರದಂತೆ, ಅದೂ ತುಪ್ಪದ್ದು. ಒಂದೇ ಒಂದು ಅಕ್ಕಿ ಕಾಳು ಇಟ್ಟರೆ ಸಾಕಂತೆ. ಹೀಗೆ ಬರೆ ಎಂದು ಬಾಜು ಕೂತು ಬರೆಸಿದರು.


ಸಂಶಿ,
2 ಮಾರ್ಚ್ 2025

ಖುಷ್ಬೂನ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಮ್. ನಿನ್ನೆ ಚಂದ್ರ ಕಂಡು ಇವತ್ತು ರಂಜಾನಿನ ಮೊದಲನೇ ರೋಜಾ ಇರಬೇಕು ನಿಮ್ಮದು. ಅಮ್ಮಿಗೆ ಮಾತ್ರೆ ನುಂಗುವುದಿದೆ, ರೋಜಾ ಹಿಡಿಯುತ್ತೇನೆ ಎಂದು ಹಟ ಮಾಡಿದರೆ ಕೇಳಬೇಡಿ.

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಆಗಲಿಲ್ಲ ಎನ್ನುವುದು ಸುಳ್ಳಲ್ಲ. ಆದರೆ ಮನಸ್ಸೂ ಬರಲಿಲ್ಲ. ಬರುವುದಿಲ್ಲ ಎಂದು ಮೊದಲಿಗೇ ಬಡಿದಂತೆ ಬರೆದಿದ್ದೀರಿ. ಹಾಗಿದ್ದರೂ ಆ ಬುಧವಾರ ಚೀಲ ತರಲು ನಾನೇ ಸ್ಟೇಷನ್ನಿಗೆ ಹೋದೆ. ಖಾಜಾಸಾಬ ಇಳಿದ, ಚೀಲ ಇಳಿಯಿತು. ರೈಲು ಹೋಗುವತನಕ ನಾನು ಬಾಗಿಲುಗಳನ್ನೇ ನೋಡುತ್ತಿದ್ದೆ. "ಯಾರರೆ ಬರೋರ ಅದಾರೇನ್ರಿ ಬಾಯಿ" ಎಂದು ಖಾಜಾಸಾಬ ಕೇಳಿದ. ಇಲ್ಲ ಎಂದೆ. ನಿಮಗೆ ಹೇಳದೆ ಇರಬಹುದಿತ್ತು, ಹೇಳಿದ್ದೇನೆ.

ಚೀಲ ಬಿಚ್ಚಿ ನೋಡಿದೆ. ನಾನು ಕೇಳಿದ್ದು ಚಿಂದಿ. ನೀವು ಎಲ್ಲವನ್ನೂ ಒಂದೇ ಅಳತೆಯ ಚೌಕ ಮಾಡಿ, ಅಂಚು ನೆಟ್ಟಗೆ ಕತ್ತರಿಸಿ, ಬಣ್ಣ ಬಣ್ಣ ಬೇರೆ ಮಾಡಿ ದಾರದಿಂದ ಕಟ್ಟಿ ಕಳಿಸಿದ್ದೀರಿ. ಬರಲು ಮನಸ್ಸಿಲ್ಲದ ಮನುಷ್ಯನಿಗೆ ಇಷ್ಟು ಮಾಡಲು ಮನಸ್ಸು ಎಲ್ಲಿಂದ ಬಂತು ಎಂದು ಸಿಟ್ಟೇ ಬಂತು. ಆಮೇಲೆ ಇನ್ನೊಂದು ಪೇಚು. ಬಟ್ಟೆಯನ್ನು ಮಕ್ಕಳೇ ಕತ್ತರಿಸಬೇಕು, ಅದಕ್ಕೂ ಅಂಕವಿದೆ. ನಿಮ್ಮ ಚೌಕಗಳನ್ನು ಹಾಗೇ ಹೊಲಿಸಿದರೆ ಅದು ಮೋಸ. ಎಲ್ಲವನ್ನೂ ಮಕ್ಕಳ ಕೈಯಿಂದ ಮೂಲೆಯಿಂದ ಮೂಲೆಗೆ ಕತ್ತರಿಸಿ ಮುಕ್ಕೋಣ ಮಾಡಿಸಿದೆ. ಕ್ಷಮಿಸಿ.

ಸೂಜಿ ಉಲ್ಟಾ ಹಾಕಿರಲಿಲ್ಲ. ಡಿಪ್ಲೊಮಾ ಮಾಡಿದವಳು ಸೂಜಿ ಉಲ್ಟಾ ಹಾಕುತ್ತಾಳೆ ಎಂದು ನೀವು ಹೇಗೆ ತಿಳಿದಿರೋ. ಮಷಿನ್ನುಗಳನ್ನು ಮಕ್ಕಳೂ ನಾನೂ ಸೇರಿ ಬಿಚ್ಚಿದೆವು. ಒಂದರ ಬೆಲ್ಟು ಸಡಿಲಾಗಿತ್ತು, ಒಂದರ ಒಳಗೆ ನೂಲಿನ ಕಸ ಗಟ್ಟಿಯಾಗಿ ಕೂತಿತ್ತು. ಒಂದು ಮಾತ್ರ ಏನು ಮಾಡಿದರೂ ಏಳಲಿಲ್ಲ. ಅದರ ಮೇಲೆ ಬಟ್ಟೆ ಮಡಚಿ ಇಡುತ್ತಿದ್ದೆವು.

ಕೆಲಸ ಮುಗಿಯುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಮೆಣಸಿನಕಾಯಿ ಹೊಲಕ್ಕೆ ಹೋದ ಮಕ್ಕಳು ವಾಪಸ್ ಬರುವ ಹೊತ್ತಿಗೆ ಕೈ ಕೆಂಪಗಾಗಿ ಕಣ್ಣು ಮುಚ್ಚುತ್ತಿರುತ್ತಿದ್ದವು. ಸೌಂದರ್ಯಾ ಒಂದು ವಾರ ಬರಲೇ ಇಲ್ಲ. ಮತ್ತೆ ಗೌರಕ್ಕನ ಹೊಸ್ತಿಲಿಗೆ ಹೋದೆ. ಈ ಸಲ ಒಳಗೆ ಕರೆದಳು. ತಪ್ಪು ತನ್ನದೂ ಇದೆ ಎಂದು ಅವಳಿಗೆ ಅನಿಸಿತ್ತು. "ರೊಟ್ಟಿಗೆ ತುಪ್ಪ ನಾನ ಹಚ್ಚಿ ಕೊಟ್ಟೇನ್ರಿ ಟೀಚರ. ನಿಮ್ಮ ಅತ್ತಿಯವರ ಪದ್ಧತಿ ಅಂದ್ಲು, ಚಲೋತ್ನಾಗ ಮಾಡೂಣು ಅಂದೆ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಕಾಯಿ ಎಲ್ಲೂ ಓಡಿ ಹೋಗಂಗಿಲ್ಲ, ನಾಳಿಂದ ಸಾಲಿಗೆ ನಡಿ" ಎಂದಳು. ಮಗಳ ಪಾಲಿನ ಮೆಣಸಿನಕಾಯಿ ಸಾಲುಗಳನ್ನೂ ತಾನೇ ಬಿಡಿಸಿದಳಂತೆ. ಶಾಲೆಯ ಹೊಲಿಗೆಯ ಬಗ್ಗೆ ಅವಳ ಅಭಿಪ್ರಾಯ ಬದಲಾಗಿದೆ ಎಂದು ನಾನು ಹೇಳುವುದಿಲ್ಲ. ಇಲಿ ತಿಂದ ಕೌದಿಯನ್ನು ನೋಡಿ ಪಾಪ ಅನಿಸಿರಬೇಕು.

ಅಂತೂ ಪರೀಕ್ಷೆಯ ಮುನ್ನಾದಿನ ಸಂಜೆಗೆ ಕೊನೆಯ ಕೌದಿ ಮುಗಿಯಿತು. ಈ ಸಲ ಕಪಾಟಿನಲ್ಲಿ ಇಡಲಿಲ್ಲ. ಎಲ್ಲವನ್ನೂ ಈರಪ್ಪ ಸರ್ ಕೋಣೆಯ ಮೇಜಿನ ಮೇಲೆ ಇಟ್ಟು ಮನೆಗೆ ಬಂದೆ.

ಪರೀಕ್ಷಕರು ದಕ್ಷಿಣದ ಕಡೆಯ ಯುವಕ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಮಾತು ನಮ್ಮ ಮಕ್ಕಳಿಗೆ ಅರ್ಧ ತಿಳಿಯುತ್ತಿತ್ತು. ಎಲ್ಲವನ್ನೂ ಫೋನಿನಲ್ಲೇ ತುಂಬಬೇಕು, ನಮ್ಮ ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಒಂದೊಂದು ಮಗುವಿನದು ಮುಗಿದಾಗಲೂ ಅವರು ಎದ್ದು ಬಯಲಿನ ಬೇವಿನ ಗಿಡದ ಕೆಳಗೆ ಹೋಗಿ ಕೈ ಮೇಲೆತ್ತಿ ನಿಲ್ಲುತ್ತಿದ್ದರು. ಮಕ್ಕಳಿಗೆ ನಗು. ನಾನು ಕಣ್ಣು ದೊಡ್ಡದು ಮಾಡಿ ಮಾಡಿ ಸುಸ್ತಾದೆ.

ಹೊಲಿಗೆಯ ಒಳಭಾಗ ನೋಡಬೇಕು ಎಂದು ಅವರು ಸೌಂದರ್ಯಾಳ ಕೌದಿಯ ಒಂದು ಬದಿಯನ್ನು ಸ್ವಲ್ಪ ಬಿಚ್ಚಿದರು. ಒಂದು ಅಕ್ಕಿ ಕಾಳು ಮೇಜಿನ ಮೇಲೆ ಬಿತ್ತು. ಅಮ್ಮಿ ಬರೆಸಿದ ಸಾಲುಗಳನ್ನು ಮಕ್ಕಳು ನಗಲಿ ಎಂದು ಓದಿ ಹೇಳಿದ್ದೆ, ಅವರು ಅದನ್ನು ಅಪ್ಪಣೆ ಎಂದು ತಿಳಿದಿದ್ದಾರೆ. ಒಂದು ಸಲ ಸುಟ್ಟುಕೊಂಡ ಮೇಲೂ ನನ್ನ ಬಾಯಿಗೆ ಬುದ್ಧಿ ಬರಲಿಲ್ಲ.

ಇದೇನು ಎಂದು ಅವರು ಕೇಳಿದರು. ಸೌಂದರ್ಯಾ ಕೈಕಟ್ಟಿ ನಿಂತು, "ಕೌದಿ ಹೊಟ್ಟೀರಿ ಸರ. ಖಾಲಿ ಇಡಬಾರದ್ರಿ" ಎಂದಳು. ಪುಸ್ತಕದಲ್ಲಿ ಹೀಗಿದೆಯೇ ಎಂದು ಕೇಳಿದರು. "ಇಲ್ರಿ. ಟೀಚರ ಅತ್ತಿಯವರು ಹೇಳ್ಯಾರ್ರಿ" ಎಂದಳು. ಅವರು ನಗಲಿಲ್ಲ. ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಬಿಚ್ಚಿದ ಬದಿಯನ್ನು ಅವಳ ಮುಂದೆ ತಳ್ಳಿ, ಈಗ ನನ್ನ ಎದುರಿಗೇ ಮುಚ್ಚು ಎಂದರು. ಅವಳು ಕಾಳನ್ನು ಕೇಳಿ ಇಸಿದುಕೊಂಡು, ಒಳಗಿಟ್ಟು, ಹೊಲಿದು ಮುಚ್ಚಿದಳು. ಅವರು ಫೋನಿನಲ್ಲಿ ಏನೋ ತುಂಬಿ ಮತ್ತೆ ಬೇವಿನ ಗಿಡದ ಕಡೆ ಹೋದರು.

ಹೋಗುವಾಗಲೂ ಒಳ್ಳೆಯದಾಯಿತು, ಕೆಟ್ಟದಾಯಿತು ಎಂದು ಒಂದು ಮಾತಾಡಲಿಲ್ಲ. ಈರಪ್ಪ ಸರ್ ಚಹಾ ತರಿಸಿ ಎಷ್ಟು ಬಾಯಿ ಬಿಡಿಸಲು ನೋಡಿದರೂ ಅವರು ಜಾರಿಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ.

ಅದು ಬರುವತನಕ ನಿಮಗೆ ಏನು ಬರೆಯಬೇಕು ಎಂದು ನನಗೆ ತೋಚಲಿಲ್ಲ. ಬಿದ್ದರೆ ಬಾ, ಪಾಸಾದರೆ ಅಲ್ಲೇ ಇರು ಎಂದು ನೀವು ನೆಟ್ಟಗೆ ಎರಡು ಹೋಳು ಮಾಡಿ ಇಟ್ಟಿದ್ದೀರಿ. ನಿಮ್ಮ ಕಾಗದ ಬಂದಾಗಿನಿಂದ ಭಾನುವಾರಗಳಲ್ಲಿ ನೀವು ಮಗಳೊಂದಿಗೆ ಮಾತಾಡಿ, ನಿನ್ನ ಅಮ್ಮನಿಗೆ ಸಲಾಂ ಹೇಳು ಎಂದು ಇಟ್ಟುಬಿಡುತ್ತೀರಿ. ಫಲಿತಾಂಶಕ್ಕೂ ಮುಂಚೆಯೇ ರೂಢಿ ಮಾಡಿಕೊಳ್ಳುತ್ತಿದ್ದೀರೋ ಏನೋ. ನಾನು ಒಲೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತೇನೆ. ಜಗಳ ತಪ್ಪಿತು ಎಂದು ಆರಾಮ ಅನಿಸಬೇಕಾಗಿತ್ತು. ಅನಿಸುತ್ತಿಲ್ಲ.

ನಿಜ ಹೇಳಿದರೆ, ಕೆಲವು ದಿನ ಬೆಳಿಗ್ಗೆ ಎದ್ದಾಗ ಎಲ್ಲರೂ ಬೀಳಲಿ, ಇದೊಂದು ಮುಗಿದು ಹೋಗಲಿ, ಅಳ್ನಾವರಕ್ಕೆ ಹೋಗಿ ಅಮ್ಮಿಯ ಮಗ್ಗುಲಲ್ಲಿ ಮಲಗಿಬಿಡೋಣ ಎನಿಸುತ್ತದೆ. ಶಾಲೆ ಮುಟ್ಟುವಷ್ಟರಲ್ಲಿ ಒಂಬತ್ತನೆಯ ಮಕ್ಕಳು ಬಾಗಿಲಲ್ಲಿ ನಿಂತು, ನಮ್ಮದು ಯಾವಾಗ ಟೀಚರ, ನಾವು ಏನು ಹೊಲಿಯಬೇಕು ಟೀಚರ ಎಂದು ಗಂಟು ಬೀಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆಳಗಿನ ಆಸೆ ನನ್ನದೇ ಅಲ್ಲ ಎನಿಸುತ್ತದೆ. ದಿನಾ ಹೀಗೆ ಎರಡು ಕಡೆ ಎಳೆಸಿಕೊಂಡು ಸಂಜೆ ಮನೆಗೆ ಬರುತ್ತೇನೆ.

ನಿಮ್ಮ ಅಂಗಡಿಯ ಸುದ್ದಿ ಬರೆದದ್ದು ಒಳ್ಳೆಯದಾಯಿತು. ಬಕ್ರೀದಿನ ದಿನ ಅದನ್ನೇ ಬಾಯಿಬಿಟ್ಟು ಹೇಳಿದ್ದರೆ ನಾನು ಅಷ್ಟು ಉರಿದುಕೊಂಡು ಬರುತ್ತಿರಲಿಲ್ಲ. ನಿಮಗೆ ನನ್ನ ಮೇಲಿದ್ದದ್ದು ತಾತ್ಸಾರ ಎಂದು ತಿಳಿದಿದ್ದೆ. ಹೊಟ್ಟೆಕಿಚ್ಚು ಎಂದು ಈಗ ತಿಳಿಯಿತು. ಹೊಟ್ಟೆಕಿಚ್ಚಾದರೆ ಪರವಾಗಿಲ್ಲ, ಅದರೊಂದಿಗೆ ಬಾಳಬಹುದು.

ನಸುಕಿನಲ್ಲಿ ಸಹರಿಯ ಊಟಕ್ಕೆ ಎದ್ದಾಗ ಗಟ್ಟಿಯಾಗಿ ಏನಾದರೂ ತಿನ್ನಿ, ಬರೀ ಚಹಾ ಕುಡಿದು ರೋಜಾದ ನಿಯತ್ತು ಮಾಡಬೇಡಿ. ಅಮ್ಮಿಗೆ ನನ್ನ ಸಲಾಂ.

ನಿಮ್ಮ,
ಮುಬಶಿರಾ

ತಾ.ಕ.: ಫಲಿತಾಂಶ ಬಂದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಬಂದು ವಾರವಾಯಿತು. ಎಲ್ಲರೂ ಪಾಸು. ಹೊಲಿಗೆ ಉಳಿಯಿತು, ಮುಂದಿನ ವರ್ಷಕ್ಕೂ ನಾನು ಇಲ್ಲೇ ಎಂದು ಈರಪ್ಪ ಸರ್‌ಗೆ ಹೇಳಿಬಿಟ್ಟಿದ್ದೇನೆ. ಅಬ್ಬಾಗೆ ಹೇಳಬೇಡ ಎಂದು ಖುಷ್ಬೂಳ ಬಾಯಿಯನ್ನೂ ಕಟ್ಟಿಹಾಕಿದ್ದೆ, ಪಾಪ ಕೂಸು ಭಾನುವಾರ ಒದ್ದಾಡಿತು. ನಿಮಗೆ ತಿಳಿದರೆ ಇನ್ನು ಕರೆಯುವುದಿಲ್ಲವಲ್ಲ, ಅದಕ್ಕೇ ಮುಚ್ಚಿಟ್ಟೆ. ನಾನು ಬರುವುದಿಲ್ಲ. ಆದರೂ ನೀವು ಕರೆಯುವುದನ್ನು ಬಿಡಬೇಡಿ.